ಸಾಹುಕಾರನ ಏಪ್ರನ್

ಅಡುಗೆಮನೆಗೆ ಕಾಲಿಟ್ಟ ಗಂಡಸಿಗೆ ಈಗೀಗ ಏಪ್ರನ್ ಕಡ್ಡಾಯವಾಗಿದೆ ನೋಡಿ. ಮೊನ್ನೆ ಹೂಡಿಯ ನಮ್ಮ ಫ್ಲಾಟಿನಲ್ಲಿ ಹೆಂಡತಿ ನನ್ನ ಸೊಂಟಕ್ಕೂ ಒಂದನ್ನು ಬಿಗಿದಳು. ಸಾರು ಕುದಿಯುತ್ತಿತ್ತು. ಹದ ಬಂತೇ ಎಂದು ಮೂಸಿ ಹೇಳುವುದಷ್ಟೇ ನನ್ನ ಕೆಲಸ, ಒಗ್ಗರಣೆ ಅವಳದು. ದಾರ ಬಿಗಿಯುತ್ತಿದ್ದಂತೆ ಸಾಹುಕಾರ ನೆನಪಾಗಿ ನಗು ಉಕ್ಕಿತು.

ಸಾಹುಕಾರ ನಮ್ಮ ದೊಡ್ಡಮ್ಮನ ಟಗರು. ಕಂದು ಮೈ, ಕರಿ ಮೂತಿ, ಗತ್ತೋ ಗತ್ತು. ಟೆಕ್ ಪಾರ್ಕಿನ ಕಾಂಪೌಂಡಿಗೆ ಒತ್ತಿಕೊಂಡೇ ಅವಳ ಕುರಿದೊಡ್ಡಿ. ಹೊಸದಾಗಿ ಬಂದ ಪಶುವೈದ್ಯರು, ಅವಳಿ ಮರಿ ಹಾಕಿಸುವ ಬಿಳಿ ತಳಿಯ ವೀರ್ಯ ತಂದಿದ್ದೇನೆ ಎಂದು ಅವಳನ್ನು ಒಪ್ಪಿಸಿದರು. ಹಾಗಾದರೆ ಸಾಹುಕಾರನಿಗೇನು ಕೆಲಸ? ಬೆದೆಗೆ ಬಂದ ಕುರಿ ಯಾವುದೆಂದು ಟಗರಿಗೆ ತಿಳಿದಷ್ಟು ಮನುಷ್ಯರಿಗೆ ತಿಳಿಯುವುದಿಲ್ಲ. ಆದ್ದರಿಂದ ಅವನ ಹೊಟ್ಟೆಗೆ ಅಡ್ಡಲಾಗಿ ದಪ್ಪ ಬಟ್ಟೆ ಕಟ್ಟಿ ಮಂದೆಗೆ ಬಿಡುವುದು. ಪೀಣ್ಯದ ಕಾರ್ಖಾನೆಯಲ್ಲಿದ್ದ ದೊಡ್ಡಪ್ಪನ ಹಳೆಯ ಕ್ಯಾನ್ವಾಸ್ ಏಪ್ರನ್ನೇ ಅದಕ್ಕೆ ಒದಗಿತು. ಸಾಹುಕಾರ ಮೂಸಿ ಗುರುತಿಸಬೇಕು, ಮುಂದಿನದನ್ನು ಡಾಕ್ಟರು ಸಣ್ಣ ನಳಿಕೆಯಲ್ಲಿ ಮುಗಿಸಬೇಕು. ಅನ್ಯಾಯ ನೋಡಿ, ಇಂಟರ್‌ವ್ಯೂ ಇವನದು, ನೌಕರಿ ಇನ್ನೊಬ್ಬನದು. ಅವನು ನನ್ನತ್ತ ನೋಡಿದ ನೋಟಕ್ಕೆ, ಗಂಡಸಾಗಿ ನನಗೆ ನಿಜಕ್ಕೂ ಸಂಕಟವಾಯಿತು.

ಮೊದಲ ಸಲ ಒಂದು ಕುರಿಗೂ ಗಬ್ಬ ನಿಲ್ಲಲಿಲ್ಲ. ಕುರಿಯಲ್ಲಿ ಇದು ಹಸುವಿನಷ್ಟು ಸಲೀಸಲ್ಲ ಎಂದು ಡಾಕ್ಟರು ತಲೆ ಕೆರೆದುಕೊಂಡರು. ದೊಡ್ಡಮ್ಮನ ಮಕ್ಕಳಿಗೆ ಅಷ್ಟೇ ಸಾಕಾಯಿತು. ಇನ್ನೊಂದು ಸಲವೂ ಮರಿ ಇಲ್ಲದಿದ್ದರೆ ಕುರಿ ಮಾರಿ, ದೊಡ್ಡಿಯನ್ನು ಕಾರ್ ಪಾರ್ಕಿಂಗಿಗೆ ಕೊಡುವುದೆಂದು ತೀರ್ಮಾನಿಸಿದರು. ದೊಡ್ಡಮ್ಮನಿಗೆ ಅನ್ನ ಸೇರದಾಯಿತು. ಕುರಿಗಳಿಲ್ಲದ ಮನೆಯಲ್ಲಿ ಅವಳು ಬೆಳಗಾಗೆದ್ದು ಯಾರನ್ನು ಬಯ್ಯಬೇಕು?

ಎರಡನೇ ಸಲ ಡಾಕ್ಟರು ನಳಿಕೆಯ ಕೆಲಸ ಮುಗಿಸಿ, ಮಜ್ಜಿಗೆ ಕುಡಿದು, ಬೈಕು ಹತ್ತಿದರು. ಬೈಕು ತಿರುವಿನಲ್ಲಿ ಮರೆಯಾಗುತ್ತಲೇ ದೊಡ್ಡಮ್ಮ ಸಾಹುಕಾರನ ಏಪ್ರನ್ನಿನ ಗಂಟಿಗೆ ಕೈ ಹಾಕಿದಳು. ನಾನು ಕೆಮ್ಮಿದೆ. ಅವಳು ತಿರುಗಿಯೂ ನೋಡಲಿಲ್ಲ.

ಐದು ತಿಂಗಳಿಗೆ ದೊಡ್ಡಿಯ ತುಂಬ ಮರಿ. ಡಾಕ್ಟರು ಹಿಗ್ಗುತ್ತಾ ಫೋಟೋ ತೆಗೆಸಿಕೊಳ್ಳಲು ಬಂದರು. ಒಂದು ಕುರಿಗೆ ಅವಳಿ ಹುಟ್ಟಿತ್ತು. ಒಂದು ಮರಿ ಹತ್ತಿಯಂತೆ ಬಿಳಿ, ಇನ್ನೊಂದಕ್ಕೆ ಕಂದು ಮೈ, ಕರಿ ಮೂತಿ. ಡಾಕ್ಟರು ಮರಿಯನ್ನು ನೋಡಿದರು, ಸಾಹುಕಾರನನ್ನು ನೋಡಿದರು, ಕೊನೆಗೆ ದೊಡ್ಡಮ್ಮನನ್ನು ನೋಡಿದರು.

“ಅಮ್ಮಾ, ಏಪ್ರನ್ ಬಿಚ್ಚಿದ್ರಾ?”

“ಅಲ್ಲಾ ಸಾಮಿ, ಕರೆಂಟ್ ಕಂಬ ನೆಟ್ಟವ್ರೆ ಅಂತ ಈ ಅಪಾರ್ಟ್‌ಮೆಂಟ್ನೋರು ಜನರೇಟರ್ ಬ್ಯಾಡ ಅಂದವ್ರಾ?”

ಡಾಕ್ಟರು ಬಿಳಿ ಮರಿಯೊಂದನ್ನೇ ಎತ್ತಿಕೊಂಡು ಫೋಟೋಕ್ಕೆ ನಿಂತರು. ದೊಡ್ಡಿ ಉಳಿಯಿತು. ಈಗಲೂ ನಮ್ಮ ಬಾಲ್ಕನಿಯಿಂದ ಕಾಣುತ್ತದೆ, ಸಾಹುಕಾರನ ಕಂದು ಮೊಮ್ಮಕ್ಕಳ ಸಮೇತ.

ಮೊನ್ನೆ, ಸಾರು ಹದಕ್ಕೆ ಬರುವ ಹೊತ್ತಿಗೆ, ಹೆಂಡತಿಗೆ ಫೋನು ಬಂದು ಅವಳು ಆ ಬಾಲ್ಕನಿಗೇ ಹೋದಳು. ನಾನು ಅತ್ತ ಒಮ್ಮೆ ಬಗ್ಗಿ ನೋಡಿ, ಸೊಂಟದ ಗಂಟಿಗೆ ಕೈ ಹಾಕಿದೆ. ನನ್ನ ಒಗ್ಗರಣೆಯ ಸಾಸಿವೆ ಸಿಡಿಯಿತು.