ಹಿತ್ತಿಲ ಕೋಣೆಯ ಓದು

ಗ್ರೀಕ್ ತತ್ತ್ವಶಾಸ್ತ್ರದ ಮೇಲಿನ ನನ್ನ ಸಂಶೋಧನಾ ಪ್ರಬಂಧದ ಬಹುಭಾಗ ಬರೆದದ್ದು ನಂಜನಗೂಡಿನ ನಮ್ಮ ಮನೆಯ ಹಿತ್ತಿಲ ಕೋಣೆಯಲ್ಲಿ. ಮುಟ್ಟಾದ ಹೆಂಗಸರು ಮೂರು ದಿನ ಹೊರಗೆ ಕೂರುತ್ತಿದ್ದ ಕೋಣೆ ಅದು. ತೊಂಬತ್ತರ ದಶಕ. ತಿ. ನರಸೀಪುರದ ಕಾಲೇಜಿನಲ್ಲಿ ಪಾಠ ಮುಗಿಸಿ ಬಂದರೆ ಒಲೆ, ಪಾತ್ರೆ, ಅಪ್ಪನ ಪೂಜೆಯ ಸಾಮಾನು ಕಾದಿರುತ್ತಿದ್ದವು. ಹೊರಗೆ ಕೂತವಳನ್ನು ಮಾತ್ರ ಯಾರೂ ಯಾವ ಕೆಲಸಕ್ಕೂ ಕರೆಯುತ್ತಿರಲಿಲ್ಲ. ಹಾಗಾಗಿ ತಿಂಗಳಿಗೆ ಎರಡು ಸಲ ಹೊರಗಾಗತೊಡಗಿದೆ. ಎರಡನೆಯದು ಸುಳ್ಳು.

"ಇದೇನೇ ನಿಂದು, ಹದಿನೈದು ದಿನಕ್ಕೊಂದ್ಸಲ? ಡಾಕ್ಟರಮ್ಮನಿಗೆ ತೋರಿಸ್ಕೊ," ಎನ್ನುತ್ತಿದ್ದಳು ಅಮ್ಮ, ದೂರದಿಂದ ತಟ್ಟೆ ತಳ್ಳುತ್ತಾ.

"ಗ್ರೀಕರ ಕ್ಯಾಲೆಂಡರ್ ಇರ್ಬೇಕು ಅತ್ತೆ," ಎಂದು ಅತ್ತಿಗೆ ನಗುತ್ತಿದ್ದಳು.

ಆ ದಿನವೂ ಸುಳ್ಳಿನ ಸರದಿಯೇ. ಹೆಣ್ಣಿಗೆ ವಿವೇಚನೆಯಿದ್ದರೂ ಅದಕ್ಕೆ ಅಧಿಕಾರವಿಲ್ಲ ಎಂದು ಗ್ರೀಕ್ ತತ್ತ್ವಜ್ಞಾನಿಯೊಬ್ಬ ವಾದಿಸಿದ ಪುಟ ಓದುತ್ತಿದ್ದೆ. ಓದುತ್ತಿದ್ದೆನೋ, ಆಮೇಲೆ ನೆನಪೇ ಆ ಪುಟವನ್ನು ಅಲ್ಲಿ ತಂದಿಟ್ಟಿತೋ. ಬಾವಿಕಟ್ಟೆಯಲ್ಲಿ ಕೊಡ ಉರುಳಿದ ಸದ್ದು. ಅಮ್ಮ ಒದ್ದೆ ಸೀರೆಯಲ್ಲಿ ಕಲ್ಲಿನ ಮೇಲೆ ಬಿದ್ದಿದ್ದಳು. ತಲೆಯಿಂದ ರಕ್ತ. ಓಡಿಹೋಗಿ ಕೈ ಚಾಚಿದೆ.

"ಮುಟ್ಟಬೇಡ್ವೇ, ಮಡೀಲಿದೀನಿ. ಅತ್ತಿಗೇನ ಕರಿ."

ಅತ್ತಿಗೆ ದೇವಸ್ಥಾನಕ್ಕೆ ಹೋಗಿದ್ದಳು. ಮನೆಯಲ್ಲಿ ಬೇರಾರೂ ಇರಲಿಲ್ಲ. 'ನಾನು ಹೊರಗಿಲ್ಲಮ್ಮ' ಎಂದಿದ್ದರೆ ಸಾಕಿತ್ತು. ಎಂದಿದ್ದರೆ ಕೋಣೆ ಕೈತಪ್ಪುತ್ತಿತ್ತು. ಪ್ರಬಂಧ ಸಲ್ಲಿಸಲು ಇನ್ನು ಎರಡೇ ತಿಂಗಳು. ಆ ಕ್ಷಣದಲ್ಲಿ ಇಷ್ಟೆಲ್ಲ ಯೋಚಿಸಿದೆನೇ? ಗೊತ್ತಿಲ್ಲ. ಚಾಚಿದ ಕೈ ಹಿಂದೆಗೆದು ಬೀದಿಗೆ ಓಡಿದೆ. ದೇವಸ್ಥಾನದ ಒಳಗೆ ಹೋಗದೆ ಬಾಗಿಲ ಹೊರಗೇ ನಿಂತು ಕೂಗಿದೆನಂತೆ. ಹಾಗೆಂದು ಅತ್ತಿಗೆ ಹೇಳುತ್ತಾಳೆ. ನಾವು ಬರುವಷ್ಟರಲ್ಲಿ ಅಮ್ಮನಿಗೆ ಪ್ರಜ್ಞೆಯಿರಲಿಲ್ಲ. ಮೂರನೆಯ ದಿನ ಮೈಸೂರಿನ ಆಸ್ಪತ್ರೆಯಲ್ಲಿ ತೀರಿಕೊಂಡಳು.

ಎರಡು ಸಾವಿರದ ಇಸವಿಯ ಈಚೆಗೆ ನಾನು ಸ್ತ್ರೀವಾದದ ಕಡೆ ಹೊರಳಿದೆ. ಮೊದಲ ಪುಸ್ತಕ ಶುರುವಾಗುವುದೇ ಆ ಬಾವಿಕಟ್ಟೆಯಿಂದ: ಆಚಾರವೊಂದು ಮಗಳ ಕೈಯನ್ನು ತಾಯಿಯಿಂದ ಹೇಗೆ ತಡೆಯಿತು ಎಂದು. ವಿಚಾರ ಸಂಕಿರಣಗಳಲ್ಲಿ ಅದನ್ನು ಕೇಳಿ ಹೆಂಗಸರು ಅತ್ತಿದ್ದಾರೆ. ಸುಳ್ಳು ಮುಟ್ಟಿನ ವಿಷಯ ಅದರಲ್ಲಿಲ್ಲ.

ಪುಸ್ತಕ ಓದಿ ಮುಗಿಸಿದ ಅತ್ತಿಗೆ, ಹುರುಳಿಕಾಯಿ ಸೋಸುತ್ತಾ ಕೇಳಿದಳು: "ಅವತ್ತು ನೀನು ಹೊರಗಿರ್ಲಿಲ್ಲ, ಅಲ್ವಾ? ಒಣಗೋ ಬಟ್ಟೆ ನೋಡ್ತಿದ್ನಲ್ಲ, ನಂಗೆ ಮೊದಲಿಂದ್ಲೂ ಗೊತ್ತು."

"ಮತ್ತೆ ಅಮ್ಮಂಗ್ಯಾಕೆ ಹೇಳ್ಲಿಲ್ಲ?"

"ಓದ್ಕೊಳ್ಲಿ ಅಂತ."

ಆ ವಾರವೇ ಪ್ರಕಾಶಕರ ಪತ್ರ ಬಂದಿತ್ತು: ಎರಡನೆಯ ಮುದ್ರಣ, ತಿದ್ದುಪಡಿ ಇದ್ದರೆ ತಿಳಿಸಿ. ಮೊದಲ ಅಧ್ಯಾಯವನ್ನು ಮೂರು ದಿನ ಮುಂದಿಟ್ಟುಕೊಂಡು ಕೂತಿದ್ದೆ. ಅಚ್ಚಿನ ತಪ್ಪುಗಳನ್ನಷ್ಟೇ ತಿದ್ದಿ ಕಳಿಸಿದೆ.