ತವರದ ಕೆಳಗಿನ ಮನೆ

ಖಾಲಿ ಜಾಗ ಕಂಡರೆ ನನಗೆ ಒಂದು ಬಗೆಯ ಮೋಹ. ಕೋಲಾರದ ಹೈಸ್ಕೂಲಿಗೆ ನಾನು ಸೈನ್ಸ್ ಮೇಷ್ಟ್ರಾಗಿ ಸೇರಿದಾಗ ಗೋಡೆಯ ಮೇಲೆ ಮೂಲವಸ್ತುಗಳ ಪಟವೊಂದು ತೂಗುತ್ತಿತ್ತು. ತೊಂಬತ್ತೆರಡು ಮನೆಗಳು, ಅವುಗಳಲ್ಲಿ ನಾಲ್ಕು ಬರಿದು. ಬಾಡಿಗೆದಾರ ಇನ್ನೂ ಬಂದಿಲ್ಲ, ಆದರೆ ಬರುವವನ ತೂಕವೆಷ್ಟು, ಗುಣ ಎಂಥದು ಎಂಬುದು ಮಾತ್ರ ಮೊದಲೇ ಗೊತ್ತು! ನಮ್ಮ ಜೋಯಿಸರಿಗೂ ಇಷ್ಟು ಧೈರ್ಯವಿಲ್ಲ. ಪಾಠ ಮುಗಿದ ಮೇಲೂ ನಾನು ಆ ಪಟದ ಮುಂದೆ ನಿಂತಿರುತ್ತಿದ್ದೆ.

ನಮ್ಮ ಜಿಲ್ಲೆಯೆಂದರೆ ಜನಕ್ಕೆ ನೆನಪಾಗುವ ಮೂಲವಸ್ತು ಒಂದೇ, ಚಿನ್ನ. ಬೆಂಗಳೂರಿನಿಂದ ರೈಲಿನಲ್ಲಿ ಬರುವಾಗ ಮಾಲೂರು ತಲುಪುವಷ್ಟರಲ್ಲಿ ಎದುರು ಕೂತವರು ಊರು ಕೇಳುತ್ತಾರೆ. ಕೋಲಾರ ಎಂದೊಡನೆ ಅವರ ಕಣ್ಣು ನನ್ನ ಬೆರಳುಗಳ ಮೇಲೆ ಓಡುತ್ತದೆ. ಉಂಗುರ ಕಾಣದೆ ಪಾಪ, ಅವರಿಗೇ ಬೇಸರ. ಆದರೆ ಚಿನ್ನವನ್ನು ನೆಚ್ಚಿಕೊಂಡು ಯಾರಾದರೂ ಅಡುಗೆ ಮಾಡುತ್ತಾರೆಯೇ? ಹುಣಿಸೆಹುಳಿ ಇಲ್ಲದೆ ಸಾರಿಲ್ಲ, ಹಿತ್ತಾಳೆ ಪಾತ್ರೆಗೆ ಹುಳಿ ಸೋಕಿದರೆ ಹಸಿರು ಕಿಲುಬು. ಅದನ್ನು ತಡೆಯುವುದು ಒಳಗಿನ ಕಲಾಯಿ, ಅಂದರೆ ತವರದ ತೆಳುವಾದ ಲೇಪ. ನಮ್ಮನ್ನು ದಿನವೂ ಕಾಪಾಡುತ್ತಿದ್ದ ಲೋಹ ಅದು; ಅದಕ್ಕೆ ಯಾರೂ ಮರ್ಯಾದೆ ಕೊಡುವುದಿಲ್ಲ.

ಯುದ್ಧ ಬಂತು. ಮಲಯ ಜಪಾನಿನವರ ಪಾಲಾಯಿತು, ಅಲ್ಲಿಂದ ಬರುತ್ತಿದ್ದ ತವರ ಅಂಗಡಿಗಳಿಂದ ಮಾಯವಾಯಿತು. ಅದೇ ಹೊತ್ತಿಗೆ ನಮ್ಮ ಮಗಳಿಗೆ ಆರು ತಿಂಗಳು ತುಂಬಿತು.

"ಕಲಾಯಿ ಪೂರಾ ಹೋಗಿದೆ ಕಣ್ರೀ. ಇದ್ರಲ್ಲಿ ಮಗೂಗೆ ಹೆಂಗ್ರೀ ರಾಗಿ ಸರಿ ಕಾಯಿಸ್ಲಿ?" ಎಂದಳು ನನ್ನ ಹೆಂಡತಿ ಸಾವಿತ್ರಿ.

ಪಟ ನೆನಪಾಯಿತು. ತವರದ ನೇರ ಕೆಳಗಿನ ಮನೆಯಲ್ಲಿ ಸೀಸ! ಒಂದೇ ಸಾಲು, ಒಂದೇ ಕುಟುಂಬ. ಅಣ್ಣ ಊರಲ್ಲಿಲ್ಲದಿದ್ದರೆ ತಮ್ಮ ಬಂದು ಕೆಲಸ ಮಾಡಿಕೊಡಲಾರನೇ? ಟೀ ಪೆಟ್ಟಿಗೆಗಳ ಒಳಗೆ ಹೊದಿಸಿರುತ್ತಿದ್ದ ಸೀಸದ ತಗಡನ್ನು ಅಂಗಡಿಯಿಂದ ತಂದು, ಕರಗಿಸಿ, ಕಡ್ಡಿ ಮಾಡಿದೆ. ಇಂಥ ಉಪಾಯ ಕೆಮಿಸ್ಟ್ರಿ ಓದಿದವನಿಗಲ್ಲದೆ ಇನ್ಯಾರಿಗೆ ಹೊಳೆದೀತು ಎಂದು ಎರಡು ದಿನ ಉಬ್ಬಿಹೋಗಿದ್ದೆ.

ಕಲಾಯಿ ಹಾಕುವ ಬುಡೇನ್ ಸಾಬರು ಮುಳಬಾಗಿಲಿನವರು. ತಿದಿ ಹೊತ್ತುಕೊಂಡು ಆಗಾಗ ನಮ್ಮ ಬೀದಿಗೆ ಬರುತ್ತಿದ್ದರು. ನೆಲದಲ್ಲಿ ಗುಳಿ ತೋಡಿ ಕೆಂಡ ಮಾಡಿ, ಪಾತ್ರೆ ಕಾಯಿಸಿ, ನವಸಾಗರದ ಪುಡಿ ಎರಚಿ, ತವರ ಸವರಿ ಹತ್ತಿಯಿಂದ ತಿಕ್ಕಿದರೆ ಬಿಳಿ ಹೊಗೆಯೊಳಗಿಂದ ಪಾತ್ರೆ ಫಳಫಳ ಹೊಳೆಯುತ್ತ ಬರುತ್ತಿತ್ತು. ಆ ದಿನ ನನ್ನ ಕಡ್ಡಿಯನ್ನು ಅವರ ಕೈಗಿತ್ತೆ. ಅವರು ಅದನ್ನು ಕಿವಿಯ ಹತ್ತಿರ ಹಿಡಿದು ಬಗ್ಗಿಸಿದರು. ತವರವಾದರೆ ಕಿರುಗುಟ್ಟುತ್ತದೆ; ಇದು ಸದ್ದೇ ಮಾಡಲಿಲ್ಲ. ಕಾಗದದ ಮೇಲೆ ಗೀಚಿದರು; ಕಪ್ಪು ಗೆರೆ ಮೂಡಿತು.

"ಸೀಸ ಇದು. ವದ್ದು ಸಾಮಿ, ವದ್ದು," ಎಂದು ತೆಲುಗಿನಲ್ಲೇ ಬೇಡವೆಂದರು.

"ಎರಡೂ ಒಂದೇ ಮನೆತನ ಸಾಬರೇ. ನಮ್ಮ ಪುಸ್ತಕದಲ್ಲೇ ಇದೆ."

"ಇರ್ಲಿ ಮೇಷ್ಟ್ರೇ. ತವರ ಹೊಟ್ಟೆಗೋದ್ರೆ ಹೊರಕ್ಕೆ ಬರ್ತದೆ. ಈವಯ್ಯ ಒಳಗೋದ್ರೆ ಅಲ್ಲೇ ಠಿಕಾಣಿ ಹೂಡ್ತಾನೆ. ಕೂಸಿನ ಪಾತ್ರೆ ಅಂತೀರಾ, ನನ್ ಕೈಲಾಗಲ್ಲ."

ಸಾಬರಿಗೆ ತೋರಿಸಿಯೇ ಬಿಡೋಣವೆಂದು ಒಳಗಿಂದ ನನ್ನ ಕಾಲೇಜಿನ ಪುಸ್ತಕ ತಂದು ಸೀಸದ ಪಾಠ ತೆರೆದೆ. ಕೊನೆಯಲ್ಲಿ ಎರಡು ಸಾಲು: ದೇಹದಲ್ಲಿ ಶೇಖರವಾಗುವ ವಿಷ, ಮಕ್ಕಳಿಗೆ ಹೆಚ್ಚು ಅಪಾಯ. ಅವುಗಳ ಕೆಳಗೆ ಕೆಂಪು ಪೆನ್ಸಿಲಿನ ಗೆರೆ. ಪರೀಕ್ಷೆಗೆ ಮುಖ್ಯವೆಂದು ಅದನ್ನು ಎಳೆದವನು ನಾನೇ. ಪುಸ್ತಕ ಮುಚ್ಚಿದೆ. ಸಾವಿತ್ರಿ ಮಗುವನ್ನೆತ್ತಿಕೊಂಡು ಬಾಗಿಲಲ್ಲೇ ನಿಂತಿದ್ದಳು; ಅವಳಿಗೆ ಎಲ್ಲ ಕೇಳಿಸಿತ್ತು. ಬೈದಿದ್ದರೆ ವಾಸಿಯಿತ್ತು. ಸಾಬರು ತಮ್ಮ ಚೀಲ ಕೊಡವಿ, ಉಳಿದಿದ್ದ ತವರದ ಚೂರಿನಿಂದ ಒಂದು ಪುಟ್ಟ ಪಾತ್ರೆಗೆ ಕಲಾಯಿ ಹಾಕಿದರು. ಮಿಕ್ಕ ಅಡುಗೆಯನ್ನು ಮಡಕೆಯಲ್ಲಿ ಮಾಡಿಕೊಳ್ಳಿ ಎಂದು ಹೇಳಿ ಹೊರಟರು.

ಯುದ್ಧ ಮುಗಿದ ವರ್ಷ ಪೇಪರಿನಲ್ಲಿ ಸುದ್ದಿ ಬಂತು. ಮನುಷ್ಯ ತಾನೇ ಹೊಸ ಮೂಲವಸ್ತುಗಳನ್ನು ತಯಾರಿಸಿದ್ದಾನೆ, ತೊಂಬತ್ತೆರಡರ ಆಚೆಗೂ ಮನೆಗಳಿವೆ! ಅವುಗಳಲ್ಲಿ ಒಂದನ್ನು ಬಾಂಬಿಗೂ ತುಂಬಿದ್ದರಂತೆ. ನನಗೆ ಆ ಕ್ಷಣಕ್ಕೆ ಬಾಂಬು ಕಾಣಿಸಲಿಲ್ಲ, ಹೊಸ ಮನೆಗಳೇ ಕಂಡವು. ಮಗಳಿಗೆ ಅನ್ನ ಕಲಸುತ್ತಿದ್ದ ಸಾವಿತ್ರಿಯ ಬಳಿಗೆ ಪೇಪರು ಹಿಡಿದು ಓಡಿದೆ, ಎಲ್ಲ ಓದಿ ಹೇಳಿದೆ.

"ದೇವರೇ ಮಾಡದೆ ಬಿಟ್ಟಿದ್ದನ್ನ ಮನುಷ್ಯ ಮಾಡಿದಾನೆ ಕಣೇ!"

ಅವಳು ತಟ್ಟೆಯಿಂದ ತಲೆ ಎತ್ತಲಿಲ್ಲ.

"ಅದನ್ನ ಮೊದ್ಲು ಬುಡೇನ್ ಸಾಬರಂಥೋರು ಯಾರಿಗಾದ್ರೂ ತೋರಿಸಿದ್ರಂತಾ?" ಎಂದಳು.