ಕಣದಲ್ಲಿ ವಿಮಾನ ತಿರುಗಿಸಿದ ದಿನ

೨೦೦೫ರ ಬೇಸಿಗೆ ಆಗಷ್ಟೇ ಕಾಲಿಡುತ್ತಿತ್ತು. ವಾಯುಪಡೆಯಲ್ಲಿ ಹದಿನೆಂಟು ವರ್ಷ ರೇಡಿಯೊ ಟೆಕ್ನಿಷಿಯನ್ ಆಗಿ ದುಡಿದು ಹೊರಬಂದಿದ್ದ ನಾನು, ವಿಮಾನ ನಿರ್ವಹಣಾ ಎಂಜಿನಿಯರ್ ಲೈಸೆನ್ಸ್ ಪಡೆದು ಖಾಸಗಿ ಸಣ್ಣ ವಿಮಾನಗಳ ಏವಿಯಾನಿಕ್ಸ್ ಕೆಲಸ ಮಾಡುತ್ತಿದ್ದೆ. ವಿಮಾನದ ರೇಡಿಯೊ, ದಿಕ್ಕು ತೋರಿಸುವ ಯಂತ್ರ, ವಿದ್ಯುತ್ ಉಪಕರಣ ಇವೆಲ್ಲ ಸೇರಿ ಏವಿಯಾನಿಕ್ಸ್ ಅನ್ನಿಸಿಕೊಳ್ಳುತ್ತವೆ. ವಿಮಾನ ಹಾರಲು ಯೋಗ್ಯವಾಗಿದೆ ಎಂದು ಸಹಿ ಹಾಕುವ ಅಧಿಕಾರ ನನಗಿತ್ತು. ಆ ಅಧಿಕಾರದ ಜೊತೆಗೆ ಒಂದಿಷ್ಟು ಸೊಕ್ಕೂ ಇತ್ತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ನಮ್ಮೂರು ಸಂಗೊಳ್ಳಿ. ಅಲ್ಲಿಂದ ಕೂಗಳತೆಯಲ್ಲೇ ಅನ್ನಬಹುದಾದ ಬೈಲಹೊಂಗಲದಲ್ಲಿ ಹತ್ತಿ ಜಿನ್ನಿಂಗ್ ಗಿರಣಿ ನಡೆಸುತ್ತಿದ್ದ ಶಂಕರಣ್ಣ ಸಾವಕಾರರು ನನ್ನನ್ನು ಕರೆಸಿದಾಗ ಖುಷಿಯಾಯಿತು. ದೇಶದ ಎಲ್ಲೆಲ್ಲೋ ಕೆಲಸ ಮಾಡಿದವನಿಗೆ ಊರ ಬಾಗಿಲಲ್ಲೇ ವಿಮಾನ ಸಿಗುತ್ತದೆಂದು ಕನಸಿನಲ್ಲೂ ಎಣಿಸಿರಲಿಲ್ಲ. ಸಾವಕಾರರು ನಲವತ್ತು ದಾಟಿದ ಮೇಲೆ ಹಾರಲು ಕಲಿತವರು. ಎಪ್ಪತ್ತರ ದಶಕದಲ್ಲಿ ತಯಾರಾದ, ನಾಲ್ಕು ಸೀಟಿನ, ಒಂದೇ ಎಂಜಿನ್ನಿನ ಹಳೆಯ ವಿಮಾನವೊಂದನ್ನು ಕೊಂಡು, ಯರಗಟ್ಟಿ ರಸ್ತೆಯ ಪಕ್ಕದ ತಮ್ಮ ಹೊಲದಲ್ಲಿ ಗರಸು ಹಾಕಿಸಿ ಒಂದು ಓಡುದಾರಿಯನ್ನೂ ತಗಡಿನ ಹ್ಯಾಂಗರನ್ನೂ ಕಟ್ಟಿಸಿದ್ದರು. ಈಗ ಅದರ ಹಳೆಯ ಗಡಿಯಾರದಂಥ ಮೀಟರುಗಳನ್ನೆಲ್ಲ ಕಿತ್ತು, ಬಣ್ಣದ ಡಿಸ್‌ಪ್ಲೇ ಮತ್ತು ಜಿಪಿಎಸ್ ಕೂರಿಸಬೇಕಿತ್ತು. ಕೆಲಸ ಮುಗಿದ ಮೇಲೆ ವಿಮಾನಯಾನ ಇಲಾಖೆಯ ಇನ್‌ಸ್ಪೆಕ್ಟರ್ ಬಂದು ನೋಡಿ ಒಪ್ಪಬೇಕು. ಅವರು ಬರುವ ದಿನ ಒಂದು ಸೋಮವಾರವೆಂದು ನಿಗದಿಯಾಗಿತ್ತು. ಅಂದು ತಪ್ಪಿದರೆ ಮತ್ತೆ ಅವರ ದರ್ಶನ ಮಳೆಗಾಲ ಕಳೆದ ಮೇಲೆಯೇ.

ಹೊಸ ಉಪಕರಣಗಳಿಗೆ ಹೊಸ ಪ್ಯಾನೆಲ್ ಬೇಕು. ವಿಮಾನಕ್ಕೆ ಒಪ್ಪಿಗೆಯಾದ ಅಲ್ಯೂಮಿನಿಯಂ ತಗಡು ಬೆಂಗಳೂರಿನಿಂದ ಬಂತು, ಅದನ್ನು ನನ್ನ ಮೇಲ್ವಿಚಾರಣೆಯಲ್ಲಿ ಕತ್ತರಿಸಿ ಕೂರಿಸಲು ಒಳ್ಳೆಯ ಕೈ ಬೇಕಿತ್ತು. ಸಾವಕಾರರು ಪರಶುರಾಮ ಕಾಂಬಳೆಯವರನ್ನು ಕರೆತಂದರು. ಕಾಂಬಳೆ ಮೂಲತಃ ರಾಮದುರ್ಗದ ಬೌದ್ಧ ಮನೆತನದವರು. ಬೈಲಹೊಂಗಲದ ಬಸ್ ನಿಲ್ದಾಣದ ಹಿಂದೆ ಟ್ರ್ಯಾಕ್ಟರ್ ಟ್ರೇಲರ್ ಕಟ್ಟುವ, ಬಸ್ಸಿನ ಬಾಡಿ ಮಾಡುವ ಸಣ್ಣ ಅಂಗಡಿ ಇಟ್ಟಿದ್ದರು. ಮೂವತ್ತೈದರ ಆಸುಪಾಸಿನ, ಮಾತು ಕಡಿಮೆಯ ಮನುಷ್ಯ. ನಾನು ಕೊಟ್ಟ ಅಳತೆಗೆ ಅರ್ಧ ಮಿಲಿಮೀಟರ್ ಅತ್ತಿತ್ತ ಆಗದಂತೆ ಕಿಂಡಿ ಕೊರೆದರು. ಮೂರು ವಾರ ಇಬ್ಬರೂ ವಿಮಾನದ ಹೊಟ್ಟೆಯಲ್ಲಿ ತಲೆ ತೂರಿಸಿಕೊಂಡು ಮಲಗಿದ್ದೆವು. ಹೊರತೆಗೆದ ಹಳೆಯ ವೈರನ್ನು ತೂಗಿದಾಗ ಹನ್ನೊಂದು ಕಿಲೋ ಬಂತು.

ಎಷ್ಟೇ ಹೊಸ ಉಪಕರಣ ಬಂದರೂ ಒಂದು ಹಳೆಯದನ್ನು ಕೀಳುವಂತಿಲ್ಲ. ಅದು ಗಾಜಿನ ಗುಂಡಿನಂಥ ಕಾಂತೀಯ ಕಂಪಾಸ್. ಅದಕ್ಕೆ ವಿದ್ಯುತ್ ಬೇಡ, ಉಪಗ್ರಹ ಬೇಡ. ಎಲ್ಲ ಕೈಕೊಟ್ಟಾಗ ಪೈಲಟ್‌ಗೆ ಉಳಿಯುವುದು ಅದೊಂದೇ. ಆದರೆ ಹತ್ತಿರದಲ್ಲಿ ಚೂರು ಕಬ್ಬಿಣವಿದ್ದರೂ ಅದು ತಪ್ಪು ದಿಕ್ಕು ತೋರಿಸುತ್ತದೆ. ಹಾಗಾಗಿ ಅದರ ಸುತ್ತಲಿನ ಸ್ಕ್ರೂಗಳೆಲ್ಲ ಹಿತ್ತಾಳೆಯವೇ ಆಗಿರಬೇಕು. ಪ್ಯಾನೆಲ್ ಬದಲಾಯಿಸಿದ ಮೇಲೆ ‘ಕಂಪಾಸ್ ಸ್ವಿಂಗ್’ ಎಂಬ ಪರೀಕ್ಷೆ ಮಾಡಲೇಬೇಕು. ವಿಮಾನವನ್ನು ಮೂವತ್ತು ಮೂವತ್ತು ಡಿಗ್ರಿಯಂತೆ ಹನ್ನೆರಡು ದಿಕ್ಕಿಗೆ ತಿರುಗಿಸಿ ನಿಲ್ಲಿಸಿ, ಪ್ರತಿ ದಿಕ್ಕಿನಲ್ಲೂ ಅದು ತೋರಿಸುವುದನ್ನು ದೂರದಲ್ಲಿ ಮುಕ್ಕಾಲಿಯ ಮೇಲಿಟ್ಟ ಇನ್ನೊಂದು ನಿಖರ ಕಂಪಾಸಿನೊಂದಿಗೆ ಹೋಲಿಸುವ ಕೆಲಸ. ಸರಿಪಡಿಸಿದ ಮೇಲೂ ಹತ್ತು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಉಳಿದರೆ ನಾನು ಸಹಿ ಹಾಕುವಂತಿಲ್ಲ.

ತಗಡಿನ ಹ್ಯಾಂಗರ್ ಬಳಿ ಈ ಪರೀಕ್ಷೆ ಆಗದು. ಸುತ್ತ ಕಬ್ಬಿಣವಿಲ್ಲದ ಸಮತಟ್ಟು ಜಾಗ ಹುಡುಕಿದಾಗ ಕಂಡದ್ದು ಸಾವಕಾರರ ಜೋಳದ ಕಣ. ರಾಶಿ ಮುಗಿದಿತ್ತು, ನಡುವಿನ ಮೇಟಿಗಂಬ ಕಿತ್ತಿದ್ದರು, ನೆಲ ಸಿಮೆಂಟಿನಷ್ಟು ಗಟ್ಟಿ. ಶುಕ್ರವಾರ ಬೆಳಗ್ಗೆ ಗಿರಣಿಯಿಂದ ಹತ್ತು ಜನ ವಿಮಾನ ತಳ್ಳಲು ಬಂದರು. ಮೈಮೇಲಿನ ಕಬ್ಬಿಣವನ್ನೆಲ್ಲ ತೆಗೆದಿಡಿ ಎಂದೆ. ಬೀಗದ ಕೈ, ಚಾಕು, ಬೆಲ್ಟು, ಒಬ್ಬರ ಸೊಂಟದಿಂದ ಅಡಕತ್ತರಿ, ಎಲ್ಲವೂ ಬದುವಿನ ಮೇಲೊಂದು ಟವೆಲಿನಲ್ಲಿ ಗುಡ್ಡೆಯಾದವು. ಎತ್ತು ಕಟ್ಟಿ ತುಳಿಸುವ ಕಣದಲ್ಲಿ ಸಾವಕಾರರು ಈ ವಯಸ್ಸಿನಲ್ಲಿ ವಿಮಾನಕ್ಕೆ ಹಂತಿ ಕಟ್ಟಿದ್ದಾರೆ ಎಂದು ತಳ್ಳುವವರು ನಗುತ್ತಿದ್ದರು. ನಾನೂ ನಕ್ಕೆ.

ನಗು ನಾಲ್ಕನೆಯ ದಿಕ್ಕಿಗೇ ನಿಂತಿತು. ಪೂರ್ವಕ್ಕೆ ನಿಲ್ಲಿಸಿದಾಗ ಕಂಪಾಸ್ ಇಪ್ಪತ್ತೆಂಟು ಡಿಗ್ರಿ ತಪ್ಪು ತೋರಿಸಿತು. ಹನ್ನೆರಡೂ ದಿಕ್ಕು ಮುಗಿಸಿ ಮತ್ತೆ ಮೊದಲಿನಿಂದ ತಿರುಗಿಸಿದೆವು. ಕಂಪಾಸಿನೊಳಗಿನ ಸಣ್ಣ ಕಾಂತಗಳನ್ನು ತಿರುವಿ ಸರಿಪಡಿಸಲು ನೋಡಿದೆ. ಒಂದು ಕಡೆ ಇಳಿದರೆ ಇನ್ನೊಂದು ಕಡೆ ಏರುತ್ತಿತ್ತು. ಹೊಸ ಡಿಸ್‌ಪ್ಲೇಯ ಕಾಂತ ಸಂವೇದಕ ದೂರದ ರೆಕ್ಕೆಯಲ್ಲಿದ್ದುದರಿಂದ ಅದು ಮಾತ್ರ ಸರಿಯಾಗಿ ತೋರಿಸುತ್ತಿತ್ತು. ಸಾವಕಾರರು ಅದರತ್ತ ಬೊಟ್ಟು ಮಾಡಿದರು.

“ಜಿಪಿಎಸ್ ಐತಲ್ರಿ ಸಾಹೇಬ್ರ. ಈ ಗುಂಡಗಿ ಯಾಕ ಬೇಕು? ಸಹಿ ಮಾಡಿಬಿಡ್ರಿ.”

“ಕರೆಂಟ್ ಹ್ವಾದ್ರ ನಿಮ್ಮ ಜಿಪಿಎಸ್ ಬರೇ ಕರೀ ಹಲಗಿ ಆಗತೈತ್ರಿ,” ಎಂದೆ. “ನಾ ಸಹಿ ಮಾಡಂಗಿಲ್ಲ.”

ಅಲ್ಲಿಯವರೆಗೆ ನಾನು ಮಾಡಿದ್ದು ಸರಿಯಾಗಿಯೇ ಇತ್ತು. ಕೆಟ್ಟದ್ದು ಆಮೇಲೆ. ಹಿಂದಿನ ವಾರ ಕಾಂಬಳೆಯವರ ಚೀಲದಲ್ಲಿ ಉಕ್ಕಿನ ಸ್ಕ್ರೂಗಳ ಡಬ್ಬಿ ನೋಡಿದ್ದು ನೆನಪಾಯಿತು. ಹಿತ್ತಾಳೆಯವು ಕಡಿಮೆ ಬೀಳಬಹುದು ಎಂದು ಅವರೇ ಒಮ್ಮೆ ಹೇಳಿದ್ದೂ ನೆನಪಾಯಿತು. ಎರಡನ್ನೂ ಕೂಡಿಸಿದೆ, ಪಿತ್ತ ನೆತ್ತಿಗೇರಿತು. ತಳ್ಳಲು ಬಂದ ಹತ್ತೂ ಜನರ ಮುಂದೆ, ಕಣದ ನಡುವೆ ನಿಂತು ಅಂದೆ: “ಕಬ್ಬಿಣದ ಸ್ಕ್ರೂ ಜಡದೀಯಲ್ಲ, ಹಿತ್ತಾಳಿ ಮುಗದ್ರ ನನಗ ಹೇಳಾಕ ನಿನಗ ಬಾಯಿ ಇರಲಿಲ್ಲೇನು?”

“ನಾ ಹಾಕಿಲ್ರಿ,” ಎಂದರು ಕಾಂಬಳೆ. ಆ ಡಬ್ಬಿ ಸೀಟಿನ ಕೆಳಗಿನ ಹಳಿಗೆ ತಂದದ್ದು ಎಂದೂ ಹೇಳಿದರು. ನಾನು ಕೇಳಿಸಿಕೊಳ್ಳಲಿಲ್ಲ. ಕೆಲಸದ ದಾಖಲೆಯ ಹಾಳೆ ತೆಗೆದು, ದೋಷದ ಕಾಲಂನಲ್ಲಿ ‘ಫಿಟ್ಟರ್ ಪಿ. ಕಾಂಬಳೆ ಉಕ್ಕಿನ ಸ್ಕ್ರೂ ಬಳಸಿರುವ ಕಾರಣ’ ಎಂದು ಅಲ್ಲೇ ಬರೆದೆ. ಸಾವಕಾರರ ಭಾವಮೈದುನ ಅದೇ ಕೆಲಸ ಮಾಡಿದ್ದರೆ ನಾನು ಹಾಗೆ ಬಾಯಿ ಬಿಡುತ್ತಿದ್ದೆನೇ, ಹಾಗೆ ಪೆನ್ನು ಓಡಿಸುತ್ತಿದ್ದೆನೇ ಎಂದು ಆಮೇಲೆ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಉತ್ತರ ನನಗೆ ಗೊತ್ತು. ಅದು ನನಗೆ ಹೆಮ್ಮೆ ತರುವ ಉತ್ತರವಲ್ಲ.

ಮರುದಿನ ಶನಿವಾರ ಮೊದಲ ಬಸ್ಸಿಗೇ ಕಾಂಬಳೆ ಬಂದರು. ಬರಲಾರರು ಎಂದುಕೊಂಡಿದ್ದ ನನಗೆ ಆಶ್ಚರ್ಯವಾಯಿತು. ಹಿಂದಿನ ಸಂಜೆ ಅವರು ಅಂಗಡಿಗೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಟ್ರೇಲರ್ ಕಟ್ಟಿಸಲು ಕೊಟ್ಟಿದ್ದ ಮುನವಳ್ಳಿಯ ರೈತರೊಬ್ಬರು, ವಿಮಾನ ಕೆಡಿಸಿದವನ ಕೈಯಲ್ಲಿ ತಮ್ಮ ಕೆಲಸ ಬೇಡವೆಂದು ಚಾಸಿಯನ್ನು ವಾಪಸ್ ಎಳೆದುಕೊಂಡು ಹೋಗಿದ್ದರು. ಇದನ್ನು ಕಾಂಬಳೆ ದೂರಿನಂತೆ ಹೇಳಲಿಲ್ಲ, ಆಗಿದ್ದನ್ನು ಆಗಿದ್ದಂತೆ ಹೇಳಿದರು. ಅಂಥ ಅಂಗಡಿ ನಿಂತಿರುವುದೇ ಕೈಯ ಮೇಲಿನ ನಂಬಿಕೆಯಿಂದ. ಸೋಮವಾರ ಇನ್‌ಸ್ಪೆಕ್ಟರ್ ಆ ಹಾಳೆಗೆ ಮುದ್ರೆ ಒತ್ತಿದರೆ ಸುದ್ದಿ ಪಕ್ಕಾ ಆಗಿಬಿಡುತ್ತಿತ್ತು.

“ಎಲ್ಲಾ ಬಿಚ್ಚೂಣ್ರಿ. ಒಂದೊಂದ ನೋಡೂಣು,” ಎಂದರು. “ಏನಂತ ತಿಳಿಯೂ ತನಕಾ ನಾ ಈ ಕಣ ಬಿಟ್ಟು ಹೋಗಂಗಿಲ್ಲ.”

ಬಿಚ್ಚಬೇಕೆಂದು ನಾನೂ ಬಂದಿದ್ದೆ, ಆದರೆ ಸ್ಕ್ರೂ ಬದಲಾಯಿಸಿ ಮುಗಿಸುವ ಅವಸರದಲ್ಲಿ. ಅವರದು ಬೇರೆ ಲೆಕ್ಕ. ಕಣದ ಮೇಲೆ ಕಂಬಳಿ ಹಾಸಿದರು. ಮುಕ್ಕಾಲಿಯ ಕಂಪಾಸನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡರು. ವಿಮಾನದಿಂದ ಒಂದೊಂದೇ ವಸ್ತು ಬಿಚ್ಚಿ ತಂದು, ಕಂಪಾಸಿನ ಹತ್ತಿರ ಹಿಡಿದು, ಮುಳ್ಳು ಅಲುಗುತ್ತದೆಯೇ ಎಂದು ನೋಡಿ, ಕಂಬಳಿಯ ಮೇಲೆ ಸಾಲಾಗಿ ಇಡುತ್ತ ಹೋದರು. ಪ್ಯಾನೆಲಿನ ಸ್ಕ್ರೂಗಳು ನಲವತ್ತೆರಡು. ನಲವತ್ತೆರಡೂ ಹಿತ್ತಾಳೆ. ಒಂದಕ್ಕೂ ಮುಳ್ಳು ಮಿಸುಕಲಿಲ್ಲ.

ಆಗಲೇ ನಾನು ತಪ್ಪೊಪ್ಪಿಕೊಳ್ಳಬೇಕಿತ್ತು. ಬದಲಿಗೆ, ಹಾಗಾದರೆ ನೀನು ಹಾಕಿದ ಬ್ರ್ಯಾಕೆಟ್ ಇರಬೇಕು ಎಂದೆ. ಅವರು ಬ್ರ್ಯಾಕೆಟ್ ಬಿಚ್ಚಿ ತಂದು ತೋರಿಸಿದರು. ಅಲ್ಯೂಮಿನಿಯಂ. ಆಮೇಲೆ ವೈರುಗಳ ಕ್ಲಿಪ್ಪು, ರೇಡಿಯೊದ ತಟ್ಟೆ, ನಾನೇ ಕೈಯಾರೆ ಕೂರಿಸಿದ್ದ ಸ್ವಿಚ್ಚುಗಳು. ಬಿಸಿಲು ಏರಿತು. ಊಟಕ್ಕೆ ಬಂದ ರೊಟ್ಟಿ ಗಂಟು ಬಿಚ್ಚದೆ ಹಾಗೇ ಕುಳಿತಿತ್ತು. ಇನ್ನು ನಾಳೆ ನೋಡೋಣ ಎಂದು ಸಾವಕಾರರು ಎರಡು ಸಲ ಬಂದು ಹೇಳಿ ಹೋದರು. ಕಾಂಬಳೆ ತಲೆ ಎತ್ತಲಿಲ್ಲ.

ಕಡೆಗೆ ವಿಮಾನದೊಳಗೆ ಉಳಿದದ್ದು ಗ್ಲೇರ್‌ಶೀಲ್ಡಿನ ಹೊದಿಕೆಯೊಂದೇ. ಬಿಸಿಲು ಪ್ಯಾನೆಲಿನ ಮೇಲೆ ಬೀಳದಂತೆ ಮಾಡಿನ ಹಾಗೆ ಚಾಚಿಕೊಂಡಿರುವ ಭಾಗಕ್ಕೆ ಗ್ಲೇರ್‌ಶೀಲ್ಡ್ ಎನ್ನುತ್ತಾರೆ. ಅದಕ್ಕೊಂದು ಸ್ಪಂಜಿನ ಮೆತ್ತನೆಯ ಹೊದಿಕೆ, ಅದರ ಮೇಲೆಯೇ ಕಂಪಾಸ್ ಕೂರುತ್ತದೆ. ಹಳೆಯ ರೆಕ್ಸಿನ್ ಹರಿದಿದ್ದರಿಂದ ಅದನ್ನು ಸಾವಕಾರರ ಮನೆಗೆ ಕಳಿಸಿ, ಹೊಸ ಬಟ್ಟೆ ಹೊಲಿಸಿ ತರಿಸಿ, ಗುರುವಾರ ಸಂಜೆಯಷ್ಟೇ ಕೂರಿಸಿದ್ದೆವು. ಬಟ್ಟೆಯನ್ನು ಯಾರು ಅನುಮಾನಿಸುತ್ತಾರೆ? ಕಾಂಬಳೆ ಅದನ್ನೂ ಬಿಡಲಿಲ್ಲ. ಎರಡೂ ಕೈಯಲ್ಲಿ ಹಿಡಿದು ತಂದರು. ಇನ್ನೂ ಒಂದು ಗೇಣು ದೂರವಿರುವಾಗಲೇ ಮುಳ್ಳು ಗರ್ರನೆ ತಿರುಗಿತು.

ನಾನು ಅವರ ಕೈಗೆ ಬ್ಲೇಡು ಕೊಡಹೋದೆ. ಅವರು ತೆಗೆದುಕೊಳ್ಳಲಿಲ್ಲ, ಹೊದಿಕೆಯನ್ನೇ ನನ್ನ ಕೈಗಿಟ್ಟರು.

“ನೀವ ಬಿಚ್ಚ್ರಿ ಸಾಹೇಬ್ರ. ನಾ ಬಿಚ್ಚಿದ್ರ, ನಾನ ಇಟ್ಟೇನಿ ಅಂತಾರ.”

ನನ್ನ ಇಡೀ ವೃತ್ತಿಜೀವನದಲ್ಲಿ ಇಷ್ಟು ನಾಚಿಕೆಯಾದ ಗಳಿಗೆ ಇನ್ನೊಂದಿಲ್ಲ. ಹೊಲಿಗೆ ಬಿಚ್ಚಿದೆ. ಸ್ಪಂಜಿನ ನಡುವೆ, ಕಂಪಾಸ್ ಕೂರುವ ಜಾಗದ ಸರಿಯಾಗಿ ಕೆಳಗೆ, ಕರಿದಾರ ಸುತ್ತಿದ ಕುದುರೆ ಲಾಳವೊಂದಿತ್ತು. ಸವೆದು ತೆಳ್ಳಗಾಗಿದ್ದರಿಂದ ಹೊರಗಿನಿಂದ ಮುಟ್ಟಿದರೆ ತಿಳಿಯುತ್ತಿರಲಿಲ್ಲ.

ಸುದ್ದಿ ಹೋದ ಅರ್ಧ ಗಂಟೆಯಲ್ಲಿ ಸಾವಕಾರರ ಮಡದಿ ಶಾಂತಕ್ಕ ಜೀಪಿನಲ್ಲಿ ಬಂದರು. ಅವರು ಏನನ್ನೂ ಮುಚ್ಚಿಡಲಿಲ್ಲ. “ನಾನ ಇಟ್ಟೇನ್ರಿ,” ಎಂದರು. “ಮುಳ್ಳೆಲ್ಲಾ ಕಿತ್ತು ಟೀವಿ ಕುಂಡ್ರಿಸ್ಯಾರಂತ ಊರ ತುಂಬಾ ಅದ ಮಾತು. ಇವರು ಮುಗಿಲಾಗ ಒಬ್ಬರ ಹೋಗೂ ಮನಶ್ಯಾರು, ದೃಷ್ಟಿ ಆಗಬಾರದಂತ ಒಳಗಿಟ್ಟು ಹೊಲದೇನಿ.” ಲಾಳ ಅವರ ಕಿತ್ತೂರಿನ ತವರುಮನೆಯದಂತೆ, ಅಜ್ಜನ ಕುದುರೆಯದು. ಗಂಡನನ್ನು ಕಾಯಲೆಂದು ಇಟ್ಟ ಕಬ್ಬಿಣವೇ ಗಂಡನಿಗೆ ದಾರಿ ತಪ್ಪಿಸುತ್ತಿತ್ತು ಎಂದು ತಿಳಿದಾಗ ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಆಮೇಲೆ ಕಾಂಬಳೆಯವರತ್ತ ತಿರುಗಿ ತಪ್ಪಾಯಿತೆಂದರು. ಅಕ್ಕಾರ, ನಿಮಗೆ ಗೊತ್ತಿರಲಿಲ್ಲ, ಬಿಡ್ರಿ ಎಂದು ಅವರು ಸಮಾಧಾನ ಮಾಡಿದರು. ಪರೀಕ್ಷಿಸಿ ತಿಳಿಯಬಹುದಾಗಿದ್ದೂ ನೋಡದೆ ಬಾಯಿ ಬಿಟ್ಟವನು ನಾನು. ಆ ಸಮಾಧಾನ ನನಗಲ್ಲವೆಂದು ನನಗೆ ಅರ್ಥವಾಯಿತು.

ಎಲ್ಲರೂ ಅತ್ತ ಸರಿದಾಗ ಕಾಂಬಳೆಯವರ ಹತ್ತಿರ ಹೋಗಿ, ನನ್ನದು ತಪ್ಪಾಯಿತು ಎಂದು ಮೆಲ್ಲಗೆ ಹೇಳಿದೆ. ಅವರು ಸ್ಕ್ರೂಗಳನ್ನು ಡಬ್ಬಿಗೆ ತುಂಬುತ್ತಿದ್ದರು.

“ಹತ್ತು ಮಂದಿ ಮುಂದ ಅಂದ್ರಿ. ಹತ್ತು ಮಂದಿ ಮುಂದನ ಹೇಳ್ರಿ.”

ಭಾನುವಾರ ಗಿರಣಿಗೆ ರಜೆ. ಆದರೂ ಪ್ಯಾನೆಲ್ ಮತ್ತೆ ಕೂರಿಸಿ ಸ್ವಿಂಗ್ ಮಾಡಬೇಕಿದ್ದುದರಿಂದ ಆ ಹತ್ತೂ ಜನರನ್ನು ಕರೆಸಿದೆವು. ವಿಮಾನಕ್ಕೆ ಕೈ ಹಚ್ಚುವ ಮೊದಲು ಎಲ್ಲರನ್ನೂ ಕಣದಲ್ಲಿ ನಿಲ್ಲಿಸಿ ಹೇಳಿದೆ: “ಪರಶುರಾಮ ಅವರ ಕೆಲಸದಾಗ ಒಂದ ಎಳಿಯಷ್ಟೂ ತಪ್ಪಿಲ್ಲ. ತಪ್ಪು ನಂದು. ನೋಡದ ಮಾತಾಡಿದೆ.” ಆಮೇಲೆ ಹನ್ನೆರಡು ದಿಕ್ಕಿಗೂ ತಿರುಗಿಸಿದೆವು. ಅತಿ ಹೆಚ್ಚಿನ ವ್ಯತ್ಯಾಸ ನಾಲ್ಕು ಡಿಗ್ರಿ. ಮಧ್ಯಾಹ್ನ ಸಾವಕಾರರ ಜೀಪಿನಲ್ಲಿ ಕಾಂಬಳೆಯವರನ್ನು ಕೂರಿಸಿಕೊಂಡು ಮುನವಳ್ಳಿಗೆ ಹೋದೆ. ಆ ರೈತರ ಕಟ್ಟೆಯ ಮೇಲೆ ಕುಳಿತು, ಚಹಾ ಕುಡಿದು, ಅದೇ ಮಾತನ್ನು ಅವರ ಮನೆಮಂದಿಯ ಮುಂದೆ ಮತ್ತೊಮ್ಮೆ ಹೇಳಿದೆ. ಚಾಸಿ ಬುಧವಾರ ವಾಪಸ್ ಅಂಗಡಿಗೆ ಬಂತು.

ಉಳಿದದ್ದು ದಾಖಲೆಯ ಹಾಳೆ. ವಿಮಾನದ ಕಾಗದಗಳಲ್ಲಿ ಬರೆದದ್ದನ್ನು ಅಳಿಸುವಂತಿಲ್ಲ, ಹರಿಯುವಂತಿಲ್ಲ. ತಪ್ಪು ಬರೆದಿದ್ದರೆ ಅದರ ಮೇಲೆ ಒಂದೇ ಒಂದು ಗೆರೆ ಎಳೆದು, ಕೆಳಗಿನ ಅಕ್ಷರ ಓದಲು ಬರುವಂತೆ ಬಿಟ್ಟು, ಪಕ್ಕದಲ್ಲಿ ಸಹಿ ಮಾಡಬೇಕು. ಸೋಮವಾರ ಬೆಳಗ್ಗೆ ಇನ್‌ಸ್ಪೆಕ್ಟರ್ ಬರುವ ಮೊದಲು ಕಾಂಬಳೆಯವರ ಎದುರಿಗೇ ಗೆರೆ ಎಳೆದೆ. ಪಕ್ಕದಲ್ಲಿ ‘ಪರೀಕ್ಷಿಸದೆ ಬರೆದದ್ದು, ತಪ್ಪು ನನ್ನದು’ ಎಂದು ಬರೆದು ನನ್ನ ಪೂರ್ತಿ ಹೆಸರು ಹಾಕಿದೆ. ಅವರು ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದರು.

“ಇನ್ನೂ ಓದಾಕ ಬರತೈತಲ್ರಿ,” ಎಂದರು.

ರೂಲೇ ಹಾಗಿದೆ ಎಂದೆ.

ಅವರು ಹಾಳೆ ಮರಳಿಸಿದರು. “ಇರ್ಲಿ ಬಿಡ್ರಿ. ಅಳಿಸಿದ್ರ ನೀವು ಮರತುಬಿಡ್ತಿದ್ರಿ.”

ಆಮೇಲೆ ಹನ್ನೊಂದು ವರ್ಷ ಈ ಕೆಲಸ ಮಾಡಿ ನಿವೃತ್ತನಾದೆ. ದೋಷದ ಕಾಲಂನಲ್ಲಿ ಯಾವ ಭಾಗ, ಎಷ್ಟು ಅಳತೆ, ಹೇಗೆ ಪರೀಕ್ಷಿಸಿದೆ ಎಂಬುದನ್ನು ಬರೆದೆನೇ ಹೊರತು ಮನುಷ್ಯರ ಹೆಸರನ್ನು ಮತ್ತೆಂದೂ ಬರೆಯಲಿಲ್ಲ. ಕೆಟ್ಟ ಯಂತ್ರ ಬಿಚ್ಚಿದರೆ ಸರಿಹೋಗುತ್ತದೆ. ಒಬ್ಬರ ಹೆಸರು ಕೆಡಿಸಿದರೆ ಅದನ್ನು ಸರಿಪಡಿಸಲು ಮನೆಮನೆಗೆ ನಡೆಯಬೇಕು ಎಂದು ಆ ಮೂರು ದಿನಗಳಲ್ಲಿ ಕಲಿತೆ. ಆ ವಿಮಾನದ ಕಡತ ಈಗ ಯಾರ ಬಳಿ ಇದೆಯೋ ತಿಳಿಯದು. ಯಾರೇ ತೆರೆದರೂ ಆ ಹಾಳೆಯಲ್ಲಿ ಎರಡು ಹೆಸರು ಕಾಣುತ್ತವೆ: ಗೆರೆಯ ಕೆಳಗೆ ತಪ್ಪು ಮಾಡದವರದು, ಗೆರೆಯ ಪಕ್ಕದಲ್ಲಿ ನನ್ನದು.